ಕಂಡವನ ಪಾಲು

ಕುರಿ ಕಾಯುವ ಧೊಂಡಿಬಾ ತನ್ನ ತಾರುಣ್ಯದಲ್ಲಿ, ಮೂರು ಬೇಸಿಗೆಗಳ ಹಟದ ಕೊನೆಗೆ, ಮಾಂಜ್ರಾ ಹೊಳೆಯ ಮಡುವಿನಿಂದ ಆಳುದ್ದದ ಬಾಳೆಮೀನೊಂದನ್ನು ಗಾಳದಿಂದ ಎಳೆದು ದಂಡೆಗೆ ಹಾಕಿದ್ದನು. ಭಾಲ್ಕಿಯಿಂದ ಔರಾದಿನವರೆಗೆ ಅಂಥ ಮೀನು ಹಿಡಿದವರು ಅದಕ್ಕೆ ಹಿಂದೆ ಇರಲಿಲ್ಲ, ಆಮೇಲೂ ಹುಟ್ಟಲಿಲ್ಲ. ಆದರೆ ಆ ದಂಡೆಗೊಂದು ಕಟ್ಟಳೆಯಿತ್ತು. ಹಿಡಿದವನು ತನ್ನ ಮೀನಿನ ಸುದ್ದಿಯನ್ನು ತಾನೇ ಹೇಳಬಾರದು. ಕಣ್ಣಾರೆ ಕಂಡವನು ಹೇಳಬೇಕು. ತಪ್ಪಿದರೆ ಹೊಳೆ ಮುನಿಯುತ್ತದೆ. ಅಂದು ಕಂಡವನು ಗೆಳೆಯ ಹುಸೇನನೊಬ್ಬನೇ. ಹೀಗಾಗಿ ಇಷ್ಟು ವರ್ಷ ಮೀನು ಧೊಂಡಿಬಾನದು, ಮಾತು ಹುಸೇನನದು.

ನಿಜಾಮನ ರಾಜ್ಯದ ಮೇಲೆ ಪೊಲೀಸ್ ಆಕ್ಷನ್ ನಡೆದು ಮುಸಲ್ಮಾನರ ಮೇಲೆ ಕೈಯೆತ್ತಿದ ದಿನಗಳಲ್ಲಿ ಹುಸೇನ ಹೆದರಿ, ಹೆಂಡತಿಯೊಡನೆ ಬೀದರಿನ ನೆಂಟರ ಮನೆ ಸೇರಿದನು. ಅವನಿಲ್ಲದ ಎರಡು ವರ್ಷ ಧೊಂಡಿಬಾ ಕಟ್ಟಳೆ ಮುರಿದು ತಾನೇ ಹೇಳಿಕೊಂಡನು. ಕೇಳಿದವರು ತಲೆದೂಗಿದರು. ಆ ತಲೆದೂಗು ಮೀನಿಗಿಂತ ರುಚಿಯಾದ ಪದಾರ್ಥವೆಂದು ಅವನಿಗೆ ಆಗಲೇ ತಿಳಿದದ್ದು. ಈಗ ಹುಸೇನ ಮರಳಿ ಬಂದಿದ್ದನು.

ಇಳಿಹೊತ್ತಿನಲ್ಲಿ ಇಬ್ಬರೂ ಗಾಳ ಬಿಟ್ಟು ಕುಳಿತಿದ್ದರು. ಗಂಡನ ಮನೆಯಿಂದ ತವರಿಗೆ ಬಂದಿದ್ದ ಧೊಂಡಿಬಾನ ಮೊಮ್ಮಗಳು ಜನಾಬಾಯಿ ಬುತ್ತಿ ತಂದಳು.

"ಮುತ್ಯಾ, ಆ ದೊಡ್ಡ ಮೀನು ಸಿಕ್ಕಿದ್ದು ಇಲ್ಲೇ ಏನ್ರಿ?"

ಹುಸೇನ ಬಾಯಿ ತೆರೆಯುವ ಮೊದಲೇ ಧೊಂಡಿಬಾ ಗಂಟಲು ಸರಿಮಾಡಿಕೊಂಡನು. "ಇಲ್ಲೇ. ನಾಕು ಮೊಳ ಇತ್ತು. ಹುರಿ ಜಗ್ಗಿ ಜಗ್ಗಿ ಅಂಗೈ ಸುಲದು ರಗತ ಬಂತು. ನಾ ಬಿಡಲಿಲ್ಲ."

"ಮುಂದ?"

"ಮುಂದೇನದ? ತಂದ್ವಿ, ತಿಂದ್ವಿ."

ಹುಸೇನ ನಕ್ಕನು. "ಲೇ ಧೊಂಡ್ಯಾ, ನೀ ಮೀನು ಹಿಡದಿಯೋ, ಕಟಗಿ ಒಡದಿಯೋ?"

"ನಿನಗ್ಯಾಕ ಉರಿ? ಹಿಡದಾಂವ ನಾನು."

"ಹಿಡದಾಂವ ನೀನೇ. ಕಂಡಾಂವ ನಾನು. ಹೊಳಿ ಸಿಟ್ಟಾಗ್ತದ, ಸುಮ್ನ ಕೂಡು." ಹುಸೇನ ಹುಡುಗಿಯ ಕಡೆಗೆ ತಿರುಗಿದನು. "ಅವತ್ತ ಗಾಳಿನೇ ಇದ್ದಿಲ್ಲವ್ವಾ. ಆಚಿ ದಂಡಿ ಮ್ಯಾಗ ಮುತ್ತಲ ಗಿಡ ಹೂ ಬಿಟ್ಟು, ನೀರೆಲ್ಲ ಕೆಂಪಗ ಕಾಣತಿತ್ತು. ಬೆಳ್ಳಕ್ಕಿ ಸಾಲಾಗಿ ನಿಂತಿದ್ವು. ಇನ್ನಾ ಹುರಿ ಬಿಗದಿಲ್ಲ, ಒಮ್ಮಿಗೇ ಎಲ್ಲಾ ಎದ್ದು ಹಾರಿದ್ವು. ನಮಗಿಂತ ಮೊದಲ ಅವಕ್ಕ ಗೊತ್ತಾಗಿತ್ತು. ನಿಮ್ಮ ಮುತ್ಯಾ ಎದಿಮಟ ನೀರಾಗ ನಿಂತು, 'ಬಾ ನಮ್ಮವ್ವಾ, ಬಾ' ಅಂತ ಮೀನಿಗಿ ಕರ್ಕೋತ ಅಳಲಿಕ್ಕತ್ತಿದ್ದ."

"ನಾ ಅಳಲಿಲ್ಲ."

"ಅತ್ತಿ."

ಜನಾಬಾಯಿ ಆಚೆ ದಂಡೆಯನ್ನೇ ನೋಡುತ್ತಿದ್ದಳು. ಅಲ್ಲಿ ಈಗ ಹೂವೂ ಇರಲಿಲ್ಲ, ಹಕ್ಕಿಯೂ ಇರಲಿಲ್ಲ. ಆದರೂ ಅವಳ ಕಣ್ಣು ಅಲ್ಲಿಂದ ಕದಲಲಿಲ್ಲ. ತಾನು ಹೇಳುವಾಗ ಯಾರ ಕಣ್ಣೂ ಆ ಕಡೆಗೆ ಹೋಗಿರಲಿಲ್ಲವೆಂಬುದನ್ನು ಧೊಂಡಿಬಾ ಕಂಡನು.

"ಇಷ್ಟೆಲ್ಲಾ ನಿನಗ ಹ್ಯಾಂಗ ನೆನಪುಳೀತೋ?" ಎಂದನು, ಕಹಿಯಾಗಿ.

"ಬೀದರದಾಗ ನಮ್ಮ ಖೋಲಿಗಿ ಕಿಟಕಿ ಇದ್ದಿಲ್ಲ. ಹೊರಗ ಬರಲಿಕ್ಕ ಧೈರ್ಯ ಇದ್ದಿಲ್ಲ. ದಿನಾ ಗ್ವಾಡಿ ಮ್ಯಾಗ ಇದನ್ನೇ ನೋಡ್ತಿದ್ದೆ."

ಆ ಎರಡು ವರ್ಷವೂ ಧೊಂಡಿಬಾ ಈ ದಂಡೆಯ ಮೇಲೆಯೇ ಕುಳಿತಿದ್ದನು. ಅವನ ದೃಷ್ಟಿ ಹುರಿಯ ತುದಿಯನ್ನು ಬಿಟ್ಟು ಮೇಲೇಳಲಿಲ್ಲ. ಮುತ್ತಲ ಗಿಡ ಎಷ್ಟು ಸಲ ಹೂ ಬಿಟ್ಟಿತೋ ಅವನರಿಯನು. ಹುಸೇನನ ಹೊಲ, ದನ, ಮನೆ ಯಾವುದನ್ನೂ ಕಂಡು ಕರುಬದಿದ್ದ ಅವನ ಹೊಟ್ಟೆ, ಕಿಟಕಿಯಿಲ್ಲದ ಆ ಕೋಣೆಗಾಗಿ ಉರಿಯತೊಡಗಿತು.

"ಜನಾ, ಅಂಗೈ ಸುಲದದ್ದು ಪೂರಾ ಹೇಳಲಿಲ್ಲ ನಾ," ಎಂದು ಅವನು ಕೈಯನ್ನು ಮುಂದೆ ಚಾಚಿದನು.

ಜನಾಬಾಯಿ ಅದರ ಮೇಲೆ ರೊಟ್ಟಿಯಿಟ್ಟು, ಹುಸೇನನ ಕಡೆಗೆ ಸರಿದು ಕುಳಿತಳು.

"ಹುಸೇನ ಮುತ್ಯಾ, ಆ ಬೆಳ್ಳಕ್ಕಿ ಎದ್ದದ್ದು ಮತ್ತೊಮ್ಮಿ ಹೇಳ್ರಿ."