ಸೊಂಟದೆತ್ತರದ ಮಂಚ

"ಕಾಲು ಚಾಚಿ ಅಜ್ಜಿ, ಹೆದರಬೇಡಿ," ಎಂದು ಅಂಗಡಿಯವನು ಗುಂಡಿ ಒತ್ತಿದ. ಮಂಚದ ತಲೆಭಾಗ ಗುಂಯ್ ಎನ್ನುತ್ತ ಮೇಲೆದ್ದಿತು. ಅದರೊಂದಿಗೆ ಅತ್ತೆಯೂ ಎದ್ದು ಕುಳಿತರು.

"ಹೆದರಿಕೆ ಏನಿಲ್ಲಪ್ಪ. ಎದ್ದು ಕೂರೋದಕ್ಕೆ ಇಷ್ಟು ಸದ್ದು ಮಾಡೋದು ನನ್ನ ಮಂಡಿ ಒಂದೇ ಅಂದ್ಕೊಂಡಿದ್ದೆ," ಎಂದರು.

ಅಂಗಡಿಯವನು ನಕ್ಕ. ಎದುರಿನ ಕುರ್ಚಿಯಲ್ಲಿದ್ದ ಸೊಸೆ ನಗಲಿಲ್ಲ. ಮಡಿಲಲ್ಲಿದ್ದ ಕೈಚೀಲದ ಹಿಡಿಯನ್ನೇ ನೋಡುತ್ತಿದ್ದಳು.

ಬರುವಾಗ ಇಬ್ಬರೂ ತೋಳಿಗೆ ತೋಳು ಕೊಟ್ಟುಕೊಂಡು, ನಿಂತು ನಿಂತು ಅಂಗಡಿಯ ಮೆಟ್ಟಿಲು ಹತ್ತಿದ್ದರು. ಅಂಗಡಿಯವನು ಓಡಿಬಂದು, ಸೊಸೆಗೆ ಬಾಗಿಲ ಪಕ್ಕದ ಕುರ್ಚಿ ತೋರಿಸಿ, ಅತ್ತೆಯ ರಟ್ಟೆ ಹಿಡಿದು ಸೀದಾ ಮಂಚದ ಬಳಿ ಕರೆದೊಯ್ದಿದ್ದ. ಅತ್ತೆ ಒಮ್ಮೆ ತಿರುಗಿ ಸೊಸೆಯ ಮುಖ ನೋಡಿದ್ದರು. ಸೊಸೆ ಗೋಡೆ ನೋಡಿದ್ದಳು. ಆಮೇಲೆ ಅತ್ತೆ ಚಪ್ಪಲಿ ಬಿಟ್ಟು ಮಂಚ ಹತ್ತಿದ್ದರು. ಆಗಿನಿಂದ ಸೊಸೆಗೆ ತಲೆ ಎತ್ತುವುದೇ ಆಗುತ್ತಿಲ್ಲ. ಒಂದೇ ಒಂದು ಮಾತು ತನ್ನ ಬಾಯಿಂದ ಬರಬೇಕಿತ್ತು. ಬಂದಿರಲಿಲ್ಲ.

ಬೆಳಿಗ್ಗೆ ಫೋನಿನಲ್ಲಿ ನಾದಿನಿ ಅಂದದ್ದು ಇನ್ನೂ ಕಿವಿಯಲ್ಲಿತ್ತು. "ಈ ವಯಸ್ಸಲ್ಲಿ ನಮ್ಮಮ್ಮನಿಗೆ ಇಂಥ ಗತಿ ತಂದಿಟ್ರಲ್ಲ, ಅತ್ತಿಗೆ."

ಅದಕ್ಕೆ ಏನೆಂದು ಉತ್ತರ ಕೊಡುವುದು? ಅದರಲ್ಲಿ ಸುಳ್ಳಾದರೂ ಏನಿತ್ತು? ಗಂಡ ದೂರದೂರುಗಳಿಗೆ ಲಾರಿ ಓಡಿಸುವವನು. ಹೊರಟರೆ ವಾರಗಟ್ಟಲೆ ಮನೆ ಕಡೆ ಮುಖ ಹಾಕುವಂತಿಲ್ಲ. ಮನೆಯಲ್ಲಿ ಉಳಿಯುವುದು ಅತ್ತೆ, ಸೊಸೆ ಇಬ್ಬರೇ. ಹೋದ ಬೇಸಿಗೆಯಲ್ಲಿ ಅವಳು ತನ್ನ ಹೊಲಿಗೆ ಅಂಗಡಿ ಮುಚ್ಚಿದಾಗ ಗಿರಾಕಿಗಳೆಲ್ಲ ಒಂದೇ ಸಮನೆ ಹೊಗಳಿದ್ದರು. ಅತ್ತೆಯ ಸೇವೆಗೋಸ್ಕರ ಕೈಕಸುಬನ್ನೇ ಬಿಟ್ಟಳಲ್ಲ, ಎಂಥ ಪುಣ್ಯಾತ್ಗಿತ್ತಿ ಎಂದಿದ್ದರು. ಅವಳು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಆ ಹೊಗಳಿಕೆ ಜಿಡ್ಡಿನ ಹಾಗೆ ಮೈಗೆ ಅಂಟಿ, ಎಷ್ಟು ತೊಳೆದರೂ ಹೋಗಿರಲಿಲ್ಲ.

ಅಂಗಡಿಯವನು, ಅತ್ತೆ ಅಲ್ಲಿ ಇಲ್ಲವೇ ಇಲ್ಲವೇನೋ ಎನ್ನುವಂತೆ, ಸೊಸೆಯನ್ನೇ ಎಲ್ಲ ಕೇಳುತ್ತಿದ್ದ. ರಾತ್ರಿ ನಿದ್ದೆ ಬರುತ್ತದಾ, ಮಗ್ಗುಲು ತಾವೇ ಬದಲಿಸುತ್ತಾರಾ, ಬೆನ್ನಲ್ಲಿ ಹುಣ್ಣಾಗಿದೆಯಾ. ಕಡೆಗೆ ದನಿ ತಗ್ಗಿಸಿ, ಮೂತ್ರದ ಹಿಡಿತ ಇದೆಯಾ ಎಂದ. ಸೊಸೆಯ ಮುಖಕ್ಕೆ ರಕ್ತ ನುಗ್ಗಿತು.

"ಸದ್ಯಕ್ಕಿದೆ," ಎಂದು ಮಂಚದಿಂದ ಉತ್ತರ ಬಂತು. "ಮುಂದಿಂದು ಹೇಳೋಕಾಗಲ್ಲ ಅಂದಿದ್ದಾರೆ ಡಾಕ್ಟರು. ಅದನ್ನೆಲ್ಲ ನನ್ನ ಕೇಳಪ್ಪ. ನನಗೆ ಕಿವಿ ಚೆನ್ನಾಗಿದೆ, ನಾಚಿಕೆ ಅವಳಷ್ಟಿಲ್ಲ."

ಅವನು ಪೆಚ್ಚಾಗಿ ಮಾತು ಬದಲಿಸಿದ. ಹಿಡಿ ತಿರುಗಿಸಿ ಏರಿಸುವ ಮಂಚವೇ ಸಾಕು, ತಿರುಗಿಸೋಕೆ ಮೇಡಂ ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ಮೋಟಾರು ಯಾಕೆ ಸುಮ್ಮನೆ ಎಂದ. ಸೊಸೆ ಆಗಲಿ ಎನ್ನುವಂತೆ ತಲೆಯಾಡಿಸಿದಳು. ಇದೆಲ್ಲ ಬೇಗ ಮುಗಿದರೆ ಸಾಕಿತ್ತು. ಅತ್ತೆ ಬಿಡಲಿಲ್ಲ.

"ಮೋಟಾರಿಂದೇ ಬೇಕು. ಮಲಗಿದೋರ ಕೈಗೇ ಗುಂಡಿ ಸಿಗಬೇಕು. ಒಂದು ಗುಟುಕು ನೀರಿಗೆ ಏಳಬೇಕಾದ್ರೂ ಇನ್ನೊಬ್ಬರನ್ನ ಕೂಗೋ ಹಾಗಾದ್ರೆ, ಮನುಷ್ಯರು ಒಳಗೊಳಗೇ ಕುಗ್ಗಿಹೋಗ್ತಾರೆ."

ಹಾಗೆನ್ನುವಾಗ ಅವರು ಅಂಗಡಿಯವನನ್ನು ನೋಡುತ್ತಿರಲಿಲ್ಲ.

ಮಂಚವೇನೋ ತೀರ್ಮಾನವಾಯಿತು. ಇನ್ನು ಅದರ ಎತ್ತರ. ನೋಡಿಕೊಳ್ಳುವವರ ಸೊಂಟದ ಮಟ್ಟಕ್ಕೆ ಬರುವಂತೆ ಕಾಲು ಕೂಡಿಸಿಕೊಡುತ್ತೇನೆ, ಇಲ್ಲದಿದ್ದರೆ ಬಗ್ಗಿ ಬಗ್ಗಿ ಅವರ ಬೆನ್ನೇ ಹೋಗುತ್ತದೆ ಎಂದು ವಿವರಿಸಿ, ಅವನು ಟೇಪು ಹಿಡಿದು ಸೊಸೆಯ ಮುಂದೆ ಬಂದ. ಒಂದು ನಿಮಿಷ ಎದ್ದು ನಿಲ್ಲಿ ಎಂದ.

"ಮೂವತ್ತೈದು ಇಂಚು," ಎಂದಳು ಅವಳು ಕುಳಿತಲ್ಲಿಂದಲೇ. "ಹೊಲಿಗೆಯವಳು ನಾನು. ಅಳತೆ ಬಾಯಿಪಾಠ."

ಕೂತಾಗ ಇನ್ನೂ ಎತ್ತರ ಕಾಣುತ್ತೀರಪ್ಪ ಎಂದು ಗೊಣಗುತ್ತ ಅವನು ಟೇಪು ಸುತ್ತಿಟ್ಟ.

ಆದರೆ ಆ ಅಂಗಡಿಯದೊಂದು ಪದ್ಧತಿಯಿತ್ತು. ನೋಡಿಕೊಳ್ಳುವವರು ಅಲ್ಲೇ, ಅವನ ಕಣ್ಣೆದುರೇ, ಮಲಗುವವರನ್ನು ಒಮ್ಮೆ ಮಗ್ಗುಲಿಗೆ ಹೊರಳಿಸಿ ತೋರಿಸಬೇಕು. ಭುಜಕ್ಕೊಂದು ಕೈ, ಸೊಂಟಕ್ಕೊಂದು ಕೈ. ಅದು ಬಾರದವರು ದರದರ ಎಳೆದು ಮಲಗಿದವರ ತೊಗಲು ಸುಲಿಯುತ್ತಾರೆ. ಅದಕ್ಕೇ ಕಲಿಸದೆ ತಾನು ಯಾರ ಮನೆಗೂ ಮಂಚ ಕಳಿಸುವುದಿಲ್ಲ ಎಂದ. ಬನ್ನಿ ಮೇಡಂ ಎಂದು ಕರೆದ.

ಸೊಸೆ ಕದಲಲಿಲ್ಲ.

ಇನ್ನೊಮ್ಮೆ ಕರೆದ. ಅವಳು ಕೈಚೀಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಅಂಗಡಿಯವನ ಮುಖದಲ್ಲಿದ್ದ ಮರ್ಯಾದೆ ಮೆಲ್ಲಗೆ ಇಳಿಯತೊಡಗಿತು.

"ಮುಟ್ಟೋಕೇ ಹಿಂಜರಿದ್ರೆ ಹೇಗೆ ಮೇಡಂ? ನಾಳೆಯಿಂದ ದಿನಾ ಮಾಡಬೇಕಲ್ಲ. ಹೆತ್ತ ತಾಯಿ ಆಗಿದ್ರೆ ಹೀಗೆ ಕೂತಿರ್ತಿದ್ರಾ?"

ಅತ್ತೆ ಮೊಣಕೈಯೂರಿ ಎದ್ದರು. ಅವಳಿಗೆ ಏನೂ ಅನ್ನಬೇಡ, ಅಂದರೆ ನಾನು ಸುಮ್ಮನಿರುವವಳಲ್ಲ ಎಂದು ಶುರುಮಾಡಿದವರನ್ನು ಸೊಸೆಯ ದನಿ ತಡೆಯಿತು. ಅದು ಬಾವಿಯ ತಳದಿಂದ ಬಂದಂತಿತ್ತು.

"ಸಾಕು ಅತ್ತೆ, ಇಳೀರಿ. ನೀವು ಅಲ್ಲಿ ಮಲಗಿರೋದನ್ನ ನನ್ನಿಂದ ಇನ್ನು ನೋಡೋಕಾಗಲ್ಲ."

ಅತ್ತೆ ಸರಸರನೆ ಇಳಿದು, ತಾವೇ ಗುಂಡಿ ಒತ್ತಿ ಮಂಚದ ತಲೆಭಾಗ ತಗ್ಗಿಸಿ, ಸೊಸೆಯ ಎರಡೂ ಕಂಕುಳಿಗೆ ಕೈಕೊಟ್ಟು ಅವಳನ್ನು ಕುರ್ಚಿಯಿಂದ ಎಬ್ಬಿಸಿ ತಂದರು. ಅವಳ ಸೋತ ಕಾಲುಗಳನ್ನು ಒಂದೊಂದಾಗಿ ಎತ್ತಿಟ್ಟು ಮಲಗಿಸಿದರು. ಆಮೇಲೆ ಭುಜಕ್ಕೊಂದು, ಸೊಂಟಕ್ಕೊಂದು ಕೈಯಿಟ್ಟು, ಮೆತ್ತಗೆ ತಮ್ಮ ಕಡೆಗೆ ಹೊರಳಿಸಿಕೊಂಡರು.