ನೂರಾಹತ್ತರ ಮೇಲೆ ನಿಂತ ಮುಳ್ಳು

"ದೇವರಾಣೆ ಅಣ್ಣಾ, ನಾನು ನಲವತ್ತು ದಾಟಿಲ್ಲ!"

ಕನ್ನಡಕದ ತರುಣ ಕಾರಿನಿಂದ ಇಳಿಯುವ ಮೊದಲೇ ಆಣೆ ಹಾಕಿದ. ಮೀಟರಣ್ಣ ಇನ್ನೂ ಏನನ್ನೂ ಕೇಳಿರಲಿಲ್ಲ.

ಕೇಳದೆ ಆಣೆ ಹಾಕುವವರನ್ನು ಮೀಟರಣ್ಣ ಸುಲಭಕ್ಕೆ ನಂಬುವವನಲ್ಲ. ಹಳೆಯ ಗಾಡಿಗಳ ಮೀಟರ್ ರಿಪೇರಿಯೇ ಅವನ ಕಸುಬು, ಹೆಸರು ಬಂದದ್ದೂ ಅದರಿಂದಲೇ. ಕಿಟಕಿಯಿಂದ ಬಗ್ಗಿ ನೋಡಿದ. ಅಜ್ಜನ ಕಾಲದ ಕಾರು, ಒರೆಸಿ ಒರೆಸಿ ಥಳಥಳ ಅನ್ನುತ್ತಿತ್ತು. ಇಂಜಿನ್ ಆಫ್ ಆಗಿದೆ, ಚಕ್ರ ನಿಂತಿದೆ. ಸ್ಪೀಡೋಮೀಟರಿನ ಮುಳ್ಳು ಮಾತ್ರ ಜಪ್ಪಯ್ಯ ಅಂದರೂ ಜಗ್ಗದೆ ನೂರಾಹತ್ತರ ಮೇಲೆ ಕೂತಿದೆ.

"ಓಹೋ," ಎಂದ ಮೀಟರಣ್ಣ.

"ಹಂಗೆಲ್ಲ ಓಹೋ ಅನ್ಬೇಡಿ ಅಣ್ಣಾ. ಕಾರು ನಂದಲ್ಲ. ನಾನು ಮದುವೆ ಆಗ್ಬೇಕು ಅಂತಿರೋ ಹುಡುಗಿಯ ಅಪ್ಪಂದು. ಅವರಿನ್ನೂ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ಇವತ್ತೇ ಮೊದಲ ಸಲ ಕೀಲಿ ಕೊಟ್ರು. ಪೆಟ್ರೋಲ್ ಹಾಕಿಸ್ಕೊಂಡು ಬಾ, ನಲವತ್ತು ದಾಟಬೇಡ ಅಂದ್ರು. ರಸ್ತೆ ಬಿಟ್ಟು ಕಣ್ಣು ಆಚೀಚೆ ಹೊರಳಿಸಿಲ್ಲ ನಾನು. ಬಂಕಿನಲ್ಲಿ ನಿಲ್ಲಿಸಿ ಉಸಿರು ಬಿಟ್ಟು ನೋಡ್ತೀನಿ, ಇದು!"

"ಹುಡುಗಿಗೆ ಫೋನ್ ಮಾಡಿ ಕೇಳಬೇಕಿತ್ತು."

"ಅವಳೂ ಓಹೋ ಅಂದ್ರೆ?"

ಪಾಪ ಅನ್ನಿಸಿತು. ಮೀಟರಣ್ಣ ಡ್ಯಾಶ್‌ಬೋರ್ಡಿನ ಹಿಂದೆ ಕೈ ತೂರಿಸಿ ಕೇಬಲ್ ಕಳಚಿದ. ಬೆರಳಿನಲ್ಲಿ ತಿರುಗಿಸಿದ. ಬೆಣ್ಣೆಯ ಹಾಗೆ ತಿರುಗಿತು. ಮೀಟರನ್ನೇ ಬಿಚ್ಚಿ ಮೇಜಿಗೆ ತಂದು ಹಿಂದಿನಿಂದ ಡ್ರಿಲ್ ಕೊಟ್ಟು ಓಡಿಸಿದ. ಓಡಿದ ದೂರ ತೋರಿಸುವ ಅಂಕಿಗಳು ಸಲೀಸಾಗಿ ಉರುಳಿದವು. ಮುಳ್ಳು ಮಿಸುಕಲಿಲ್ಲ. ಹಾಗಾದರೆ ಕೇಬಲ್ಲಿನದಲ್ಲ, ಗೇರ್‌ಬಾಕ್ಸಿನದಲ್ಲ, ತಪ್ಪು ಮುಳ್ಳಿನದೇ. ಮೊನ್ನೆ ತುಂಬಿಸಿಕೊಂಡ ದವಡೆ ಹಲ್ಲನ್ನು ನಾಲಿಗೆಯಿಂದ ತಡಕುತ್ತ ಕೂತ. ಈಚೆಗೆ ಯೋಚನೆ ಬಂದಾಗೆಲ್ಲ ನಾಲಿಗೆ ಅಲ್ಲಿಗೇ ಹೋಗುತ್ತಿತ್ತು.

ಗಾಜು ಹಿಡಿದ ಉಂಗುರವನ್ನು ಹಿಂದೆಯೇ ಯಾರೋ ಬಿಚ್ಚಿ ಕೂಡಿಸಿದ್ದರು. ಸ್ಕ್ರೂಡ್ರೈವರ್ ಹಾಕಿ ಮೀಟಿದ ಗಾಯವಿಲ್ಲ. ಸಣ್ಣ ಕೊಕ್ಕೆಯಿಂದ, ತುಂಬ ನಯವಾಗಿ ಎಬ್ಬಿಸಿದ ಗುರುತು. ಗಾಜು ತೆಗೆದ. ಮುಳ್ಳಿನ ಬುಡದಲ್ಲಿ ಸಾಸಿವೆ ಕಾಳಿನಷ್ಟು ಬೆಳ್ಳಗಿನ ಹನಿ, ಅದರ ಮೇಲೆ ಧೂಳು. ಲೋಕದ ಅಂಟುಗಳೆಲ್ಲ ಮೀಟರಣ್ಣನಿಗೆ ಪರಿಚಯ. ಇದು ಅವುಗಳ ಪೈಕಿ ಯಾವುದೂ ಅಲ್ಲ. ಸೂಜಿಯಿಂದ ಕೆರೆದರೆ ಕಲ್ಲಿನಂತೆ ತಡೆಯಿತು. ಕೊನೆಗೆ ಟಿಕ್ ಎಂದು ಹಾರಿತು. ಮುಳ್ಳು ಸೊನ್ನೆಗೆ ಬಂದು ಬಿತ್ತು.

"ಯಾರೋ ಬೇಕಂತಲೇ ಅಂಟಿಸಿದ್ದಾರಪ್ಪಾ."

ತರುಣನ ಕನ್ನಡಕ ಮೂಗಿನ ತುದಿಗೆ ಜಾರಿತು. "ಅವರೇ! ನನ್ನ ಸಿಕ್ಕಿಸೋಕೆ ಬೋನು ಇಟ್ಟಿದ್ದಾರೆ!"

ಇದ್ದರೂ ಇರಬಹುದು. ಆದರೆ ಇವತ್ತು ಇಟ್ಟ ಬೋನಿಗೆ ಇಷ್ಟು ಹಳೆಯ ಧೂಳು ಎಲ್ಲಿಂದ ಬರಬೇಕು?

ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಪೆಟ್ರೋಲ್ ಬಂಕಿನಲ್ಲಿ ವಿಚಾರಿಸಿಕೊಂಡು ಕಾರಿನ ಯಜಮಾನರೇ ಹುಡುಕಿ ಬಂದಿದ್ದರು. ಜೊತೆಯಲ್ಲಿ ಕ್ಲಿನಿಕ್ಕಿನ ಚೀಲ ಹಿಡಿದ ಅವರ ಹೆಂಡತಿ. ಆಕೆಯನ್ನು ನೋಡಿ ಮೀಟರಣ್ಣ ತಟ್ಟನೆ ಎದ್ದು ನಿಂತ.

"ಹಲ್ಲು ಹೇಗಿದೆ?" ಎಂದರು ಆಕೆ. "ಆ ಕಡೆ ಅಗೀತಿದ್ದೀರಿ ತಾನೆ?"

"ಅಗೀತಿದ್ದೀನಿ ಡಾಕ್ಟರಮ್ಮಾ."

ಯಜಮಾನರಿಗೆ ಹಲ್ಲು ಬೇಕಿರಲಿಲ್ಲ. ಮೇಜಿನ ಮೇಲಿದ್ದ ಮೀಟರನ್ನು ನೋಡಿದವರು ಹಾಗೆಯೇ ಸ್ಟೂಲಿನ ಮೇಲೆ ಕುಸಿದರು. "ಸೊನ್ನೆ! ಎಲ್ಲಯ್ಯಾ ನನ್ನ ನೂರಾಹತ್ತು?"

ತರುಣ ಜಾರಿದ್ದ ಕನ್ನಡಕವನ್ನು ಮೇಲಕ್ಕೆ ತಳ್ಳಿಕೊಂಡ.

"ಮದುವೆಯಾದ ಹೊಸದರಲ್ಲಿ ನನಗೊಂದು ಹುಚ್ಚು," ಯಜಮಾನರು ಮೀಟರಣ್ಣನ ಕಡೆ ತಿರುಗಿದರು. "ಈ ಕಾರನ್ನ ನೂರಾಹತ್ತಕ್ಕೆ ಹೊಡೀಬೇಕು. ವಾರವಾರವೂ ಅದೇ ಕೆಲಸ. ಒಂದು ಸಂಜೆ ಹೊಡೆದೇಬಿಟ್ಟೆ ಅನ್ನಿಸ್ತು, ರಸ್ತೆ ಬಿಟ್ಟು ಮುಳ್ಳು ನೋಡೋಕೆ ಧೈರ್ಯ ಬರಲಿಲ್ಲ. ಬೆಳಗ್ಗೆ ಎದ್ದು ನೋಡ್ತೀನಿ, ಮುಳ್ಳು ಅಲ್ಲೇ ನಿಂತಿದೆ! ಸಾಕು, ಗೆದ್ದೆ ಅಂದ್ಕೊಂಡೆ. ಅವತ್ತಿಂದ ನಾನೂ ನಲವತ್ತು ದಾಟಿಲ್ಲ. ನೆಂಟರು ಬಂದ್ರೆ ಮೊದಲು ತೋರಿಸೋದೇ ಆ ಮುಳ್ಳನ್ನ."

ಬೆರಳಿನಿಂದ ಮುಳ್ಳನ್ನು ಮೇಲಕ್ಕೆ ತಳ್ಳಿ ನೋಡಿದರು, ಅದು ಮತ್ತೆ ಸೊನ್ನೆಗೆ ಬಿತ್ತು. ಆಮೇಲೆ ಕಣ್ಣು ಮಿನುಗಿತು.

"ಹೋಗ್ಲಿ ಬಿಡು. ಮತ್ತೆ ಹೊಡೀತೀನಿ! ಬೇಗ ಕೂಡಿಸಪ್ಪಾ, ಇವತ್ತೇ ಹೊರಡ್ತೀನಿ."

ಡಾಕ್ಟರಮ್ಮನ ಮುಖದ ಬಣ್ಣ ಇಳಿಯಿತು. ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದರು. ಆಕೆಗೆ ನಿಜವಾಗಿ ಭಯವಾಗಿದೆ ಎಂದು ಮೀಟರಣ್ಣನಿಗೆ ಕಂಡಿತು.

ತರುಣ ಬಾಯಿ ಹಾಕಿದ. "ಸಾರ್, ಅದು ಓಡಿ ನಿಂತಿದ್ದಲ್ಲ. ಅದಕ್ಕೆ ಯಾರೋ ಅಂ..."

ಡಾಕ್ಟರಮ್ಮ ಅವನನ್ನು ನೋಡಿದರು. ಸುಮ್ಮನೆ ನೋಡಿದರು, ಅಷ್ಟೆ.

"...ಅಂದ್ರೆ, ತುಕ್ಕು ಇರಬೇಕು," ಎಂದ ತರುಣ.

"ರೀ," ಎಂದರು ಡಾಕ್ಟರಮ್ಮ, "ಹುಡುಗ ನನಗೆ ಒಪ್ಪಿಗೆ."

"ಈಗ? ಇಲ್ಲಿ?"

"ಈಗಲೇ. ಮಾತು ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿದೆ ಇವನಿಗೆ. ಇಬ್ಬರೂ ಹೋಗಿ ಟೀ ಕುಡೀತಾ ಮದುವೆ ದಿನ ನೋಡಿ. ಅಷ್ಟರಲ್ಲಿ ಮೀಟರ್ ಆಗುತ್ತೆ."

"ಬನ್ನಿ ಮಾವಾ," ಎಂದ ತರುಣ, ಮತ್ತೆ ಹೇಳಿಸಿಕೊಳ್ಳದೆ.

ಅವರ ಹೆಜ್ಜೆ ಸಪ್ಪಳ ಬೀದಿಗೆ ಇಳಿಯುವವರೆಗೂ ಡಾಕ್ಟರಮ್ಮ ಕಾದರು. ಆಮೇಲೆ ಸ್ಟೂಲು ಎಳೆದುಕೊಂಡು ದೀಪವನ್ನು ಬಗ್ಗಿಸಿದರು. ಕ್ಲಿನಿಕ್ಕಿನ ಚೀಲದಿಂದ ಒಂದು ಗಾಜಿನ ಬಿಲ್ಲೆ, ಚಿಟಿಕೆ ಬಿಳಿ ಪುಡಿ, ಎರಡು ಹನಿ ದ್ರವ ಹೊರಬಂದವು. ತೆಳ್ಳನೆಯ ಕಡ್ಡಿಯಿಂದ ಸರಸರ ಕಲಸಿದರು, ಮೊನ್ನೆ ಅವನ ಹಲ್ಲಿಗೆ ಕಲಸಿದ ಹಾಗೆಯೇ. ಮೀಟರಣ್ಣನ ನಾಲಿಗೆ ತಾನಾಗಿ ದವಡೆ ಹಲ್ಲಿಗೆ ಹೋಯಿತು.

"ಎಷ್ಟು ಮಾಡಿದ್ರೂ ಮತ್ತೆ ಅಲ್ಲಿಗೇ ಹೋಗಿ ಕೂರುತ್ತೆ ಅಂತ ನಮ್ಮವರಿಗೆ ಹೇಳಿಬಿಡಿ," ಎಂದರು. "ಈಗ ಮುಳ್ಳನ್ನ ನೂರಾಹತ್ತರ ಮೇಲೆ ಹಿಡ್ಕೊಳ್ಳಿ, ಅಲ್ಲಾಡಿಸಬೇಡಿ. ಹೋದ ಸಲ ಹಿಡ್ಕೊಳ್ಳೋಕೆ ಯಾರೂ ಇರಲಿಲ್ಲ."