ನೆಲ ಮುಟ್ಟಿದ ಕೈ

ಕುಮಟಾದ ಸ್ಕೇಟಿಂಗ್ ಅಂಗಳದ ಫಲಕದಲ್ಲಿ ಅನೂಪನ ಅಂಕ ಮೂಡಿದಾಗ ಜನ ಎದ್ದು ಚಪ್ಪಾಳೆ ಹೊಡೆದರು. ಗಾಲಿಗಳ ಮೇಲಿನ ನೃತ್ಯದಲ್ಲಿ ಪುರುಷರ ಹಳೆಯ ದಾಖಲೆ ಮುರಿದಿತ್ತು. ಅನೂಪ ಮಾತ್ರ ತೀರ್ಪುಗಾರರ ಮೇಜಿನೆದುರು ಬಂದು ತರಚಿದ ಅಂಗೈ ಚಾಚಿದ.

"ಕೊನೆಯ ಜಿಗಿತದಲ್ಲಿ ನನ್ನ ಕೈ ನೆಲಕ್ಕೆ ತಾಗಿತ್ತು. ಅಂಕ ಕಡಿಮೆ ಮಾಡಿ."

"ಸುಮ್ನಿರು, ಯಾರಿಗೂ ಕಂಡಿದ್ದಿಲ್ಲೆ," ಎಂದು ಅಮ್ಮ ಶ್ರೀಮತಿ ಹಿಂದಿನಿಂದ ಅವನ ಅಂಗಿ ಜಗ್ಗಿದಳು.

ಮುಖ್ಯ ತೀರ್ಪುಗಾರರು ನಕ್ಕರು. "ನಮ್ಮ ಕಣ್ಣಿಗೆ ಬೀಳದ ತಪ್ಪು ತಪ್ಪೇ ಅಲ್ಲ. ಕೊಟ್ಟ ಅಂಕ ಕೊಟ್ಟಾಯ್ತು. ದಾಖಲೆ ನಿನ್ನದೇ, ಹೋಗು."

"ಸುಳ್ಳು ದಾಖಲೆ ನಂಗೆ ಬ್ಯಾಡ."

ಅನೂಪ ಸ್ಕೇಟಿನ ಲೇಸು ಬಿಗಿದು ಖಾಲಿ ಅಂಗಳಕ್ಕೆ ಇಳಿದ. ಹಾಡು ಇರಲಿಲ್ಲ. ಮೈಕಿನಲ್ಲಿ ಯಾರೋ ಗದರಿದರು, ಅವನು ನಿಲ್ಲಲಿಲ್ಲ. ಅದೇ ಜಿಗಿತ ಜಿಗಿದು, ಗಾಳಿಯಲ್ಲಿ ಎರಡು ಸುತ್ತು ತಿರುಗಿ, ಒಂಟಿ ಕಾಲಿನ ಮೇಲೆ ಅಲುಗದೆ ಇಳಿದ.

"ಇದಕ್ಕೆ ಕೊಡಿ ಅಂಕ!" ಎಂದು ಅಲ್ಲಿಂದಲೇ ಕೂಗಿದ.